ಬಂಡೆ ನೆಲದಲ್ಲಿ ಗಾಲ್ಫ್ ಕೋರ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ, ತುಮಕೂರು ಕಡೆ ಜಮೀನು ಇರುವವರು ಕೇಳುವ ಪ್ರಶ್ನೆಗಳು ಇವು. ಜಮೀನು ಅಂದರೆ ಅರ್ಧ ಕೆಮ್ಮಣ್ಣು, ಅರ್ಧ ಹಾಸುಬಂಡೆ, ಮಧ್ಯೆ ಮಧ್ಯೆ ಜಾಲಿ, ಲಂಟಾನ. ರಾಗಿ ಸರಿಯಾಗಿ ಬರುವುದಿಲ್ಲ, ಸೈಟ್ ಮಾಡಿದರೆ ರೇಟ್ ಸಿಗುವುದಿಲ್ಲ, ಗಾಲ್ಫ್ ಕೋರ್ಸ್ ಆದರೂ ಮಾಡೋಣ ಅನ್ನುವ ಲೆಕ್ಕಾಚಾರ. ನಾನು ಈ ಕೆಲಸದಲ್ಲಿ ಮಣ್ಣು ಮತ್ತು ನೀರಿನ ಕಡೆ ಇರುವವನು. ಹಾಗಾಗಿ ಉತ್ತರಗಳೂ ಆ ಕಡೆಗೇ ವಾಲುತ್ತವೆ. ಕ್ಲಬ್ ಹೌಸ್, ಮೆಂಬರ್‌ಶಿಪ್, ವಿಲ್ಲಾ ಮಾರಾಟದ ವಿಷಯ ಇಲ್ಲಿ ಸಿಗುವುದಿಲ್ಲ.

ಕಲ್ಲು ಜಾಗದಲ್ಲಿ ಗಾಲ್ಫ್ ಕೋರ್ಸ್ ನಿಜವಾಗಿಯೂ ಆಗುತ್ತದಾ?

ಆಗುತ್ತದೆ. ಇದಕ್ಕಿಂತ ಕೆಟ್ಟ ಜಾಗದಲ್ಲೂ ಆಗಿದೆ. ಹವಾಯಿಯ ಕೊಹಾಲಾ ಕರಾವಳಿಯಲ್ಲಿ ಬರೀ ಕಪ್ಪು ಲಾವಾ ಬಂಡೆ, ಮಣ್ಣು ಅನ್ನುವುದೇ ಇಲ್ಲ. ಅಮೆರಿಕದ ಉದ್ಯಮಿ ಲಾರೆನ್ಸ್ ರಾಕ್‌ಫೆಲರ್ ಅಲ್ಲಿ ಕೋರ್ಸ್ ವಿನ್ಯಾಸಕ ರಾಬರ್ಟ್ ಟ್ರೆಂಟ್ ಜೋನ್ಸ್ ಅವರಿಂದ ಮೌನಾ ಕೇಯಾ ಕೋರ್ಸ್ ಕಟ್ಟಿಸಿದರು, 1964ರಲ್ಲಿ ಆಟ ಶುರುವಾಯಿತು. ಲಾವಾ ಕಲ್ಲನ್ನೇ ಪುಡಿ ಮಾಡಿ ಅದರಿಂದ ನೆಲ ಸಿದ್ಧ ಮಾಡಿದರು. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಪೀಟ್ ಡೈ ಅನ್ನುವ ವಿನ್ಯಾಸಕ ಕಟ್ಟಿದ 'ಟೀತ್ ಆಫ್ ದ ಡಾಗ್' ಕೋರ್ಸ್ 1971ರದ್ದು. ಅಲ್ಲಿ ಚೂಪು ಚೂಪಾದ ಹವಳದ ಕಲ್ಲು. ಊರಿನ ಕೆಲಸಗಾರರು ಬಹುಪಾಲು ಸುತ್ತಿಗೆ, ಗುದ್ದಲಿ, ಮಚ್ಚು ಹಿಡಿದು ಕೈಯಲ್ಲೇ ಒಡೆದರು. ಪಕ್ಕದಲ್ಲೇ ಹೈದರಾಬಾದಿನ ಬೌಲ್ಡರ್ ಹಿಲ್ಸ್ ಇದೆ. ನಮ್ಮ ಕಡೆಯಂಥದ್ದೇ ಗುಂಡುಕಲ್ಲುಗಳ ಮಧ್ಯೆ 18 ಹೋಲ್, ಅಂದರೆ ಕೊನೆಯಲ್ಲಿ ಚೆಂಡು ಬೀಳಿಸುವ ಕುಳಿ ಇರುವ 18 ಆಟದ ಪಟ್ಟಿಗಳು.

ಹಾಗಾಗಿ 'ಆಗುತ್ತದಾ' ಅನ್ನುವುದಕ್ಕಿಂತ 'ನೀರನ್ನು ಏನು ಮಾಡುತ್ತೀರಿ' ಅನ್ನುವುದು ಮುಖ್ಯ. ಬಂಡೆ ಒಡೆಯುವ ಖರ್ಚು ಒಂದು ಸಲದ್ದು. ಬಂಡೆಯ ಮೇಲೆ ನೀರನ್ನು ಹಿಡಿಯುವುದು, ಬಿಡುವುದು ದಿನಾ ಇರುವ ಕೆಲಸ, ಕೋರ್ಸ್ ಇರುವಷ್ಟು ದಿನವೂ.

ಕಲ್ಲು ಒಡೆದು ಮಣ್ಣು ಹಾಕಿದರೆ ಮುಗಿಯಿತಲ್ವಾ? ಇನ್ನೇನು ಕಷ್ಟ?

ಗಾಲ್ಫ್ ಹುಟ್ಟಿದ್ದು ಸ್ಕಾಟ್ಲೆಂಡಿನ ಸಮುದ್ರ ತೀರದ ಮರಳು ದಿಬ್ಬಗಳ ಮೇಲೆ. ಸೇಂಟ್ ಆಂಡ್ರ್ಯೂಸ್ ಅಂಥ ಕಡೆ ಎಷ್ಟು ಮಳೆ ಸುರಿದರೂ ನೀರು ಮರಳಿನೊಳಗೆ ಇಳಿದು ಹೋಗುತ್ತದೆ, ಹುಲ್ಲು ಗಿಡ್ಡವಾಗಿ ಒತ್ತಾಗಿ ತಾನೇ ಬೆಳೆಯುತ್ತದೆ. ಆಟದ ರೀತಿ ನೀತಿಯೆಲ್ಲ ಬೆಳೆದದ್ದು ಆ ನೆಲಕ್ಕೆ ತಕ್ಕ ಹಾಗೆ. ನಮ್ಮದು ಪೂರ್ತಿ ಉಲ್ಟಾ. ಅರ್ಧ ಅಡಿ ಮಣ್ಣು, ಅದರ ಕೆಳಗೆ ನೀರು ಇಳಿಯದ ಬಂಡೆ. ಸೆಪ್ಟೆಂಬರ್ ಮಳೆಯಲ್ಲಿ ಆ ಅರ್ಧ ಅಡಿ ತುಂಬಿ ಕೆಸರಾಗುತ್ತದೆ. ಏಪ್ರಿಲ್‌ನಲ್ಲಿ ಅದೇ ಮಣ್ಣು ಕಾದ ಕಾವಲಿ ಮೇಲಿನ ದೋಸೆ ಥರ ಎರಡೇ ದಿನಕ್ಕೆ ಗರಿಗರಿ. ಒಂದೇ ಜಾಗದಲ್ಲಿ ನೀರು ಜಾಸ್ತಿಯೂ ಆಗುತ್ತದೆ, ಕಮ್ಮಿಯೂ ಆಗುತ್ತದೆ. ಸುಮ್ನೆ ಮಣ್ಣು ತಂದು ಸುರಿದರೆ ಇದು ಸರಿಹೋಗುವುದಿಲ್ಲ.

ನಮ್ಮ ಕಡೆ ಬಂಡೆ ಎಂಥದ್ದು? ಎಲ್ಲ ಒಂದೇನಾ?

ಅಲ್ಲ, ಮತ್ತು ಈ ವ್ಯತ್ಯಾಸದ ಮೇಲೆ ನಿಮ್ಮ ಬಜೆಟ್ ನಿಂತಿದೆ. ದಕ್ಷಿಣ ಕರ್ನಾಟಕದ ತಳ ಬಹುಪಾಲು ನೈಸ್ (gneiss) ಅನ್ನುವ ಪಟ್ಟೆ ಪಟ್ಟೆಯ ಗಟ್ಟಿ ಶಿಲೆ. ಲಾಲ್‌ಬಾಗ್ ಗುಡ್ಡ ಅದರದ್ದೇ ಒಂದು ತುಣುಕು, ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ನಡುವೆ ಉತ್ತರ ದಕ್ಷಿಣಕ್ಕೆ ಉದ್ದಕ್ಕೆ ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿ ಹಾದು ಹೋಗಿದೆ, ರಾಮನಗರದ ಬೆಟ್ಟಗಳು ಅದರವು. ಇದಕ್ಕೆ ಸುಮಾರು 250 ಕೋಟಿ ವರ್ಷ. ಇಷ್ಟು ಹಳೆಯ ಗಟ್ಟಿ ಕಲ್ಲು ಜೆಸಿಬಿ ಹಲ್ಲಿಗೆ ಬಗ್ಗುವುದಿಲ್ಲ.

ಕೆಲಸದ ಲೆಕ್ಕದಲ್ಲಿ ಮೂರು ಥರ ನೋಡಿ. ಗುಂಡುಕಲ್ಲು ಅಂದರೆ ಬಿಡಿ ಬಂಡೆ, ಎಕ್ಸ್‌ಕವೇಟರ್ ಇದ್ದರೆ ಜರುಗಿಸಬಹುದು, ಅಗ್ಗದ ತಲೆನೋವು. ಹಾಸುಬಂಡೆ ಅಂದರೆ ನೆಲಕ್ಕೇ ಅಂಟಿದ ಚಪ್ಪಟೆ ಶಿಲೆ. ಅದನ್ನು ಒಡೆಯುವುದು ದುಬಾರಿ, ಬಿಟ್ಟರೆ ಚೆಂದ. ಮೂರನೆಯದು ಗೊರಚು, ಕಲ್ಲು ಅರ್ಧ ಕೊಳೆತು ಪುಡಿಯಾಗಿರುವ ಪದರ. ನನಗೆ ಇದು ಸಿಕ್ಕರೆ ಖುಷಿ. ಆಕಾರಕ್ಕೆ ಬರುತ್ತದೆ, ರೋಲರ್ ಹೊಡೆದರೆ ಕೂರುತ್ತದೆ, ರಸ್ತೆಗೂ ಆಗುತ್ತದೆ.

ಕರಾವಳಿಯ ಮುರಕಲ್ಲು ಬೇರೆಯೇ ಕಥೆ. ಕತ್ತರಿಸುವುದು ಸುಲಭ, ಆದರೆ ಅಲ್ಲಿ ಮಳೆಯ ಲೆಕ್ಕವೇ ಬೇರೆ.

18 ಹೋಲ್‌ಗೆ ಎಷ್ಟು ಎಕರೆ ಬೇಕು?

ಸಮ ನೆಲದಲ್ಲಿ 125ರಿಂದ 175 ಎಕರೆ. ಬಂಡೆ ಜಾಗದಲ್ಲಿ ಅದಕ್ಕಿಂತ ಜಾಸ್ತಿ ಇಟ್ಟುಕೊಳ್ಳಿ, ಯಾಕೆಂದರೆ ಕೆಲವು ಮೂಲೆಗಳನ್ನು ಮುಟ್ಟದೇ ಬಿಡಬೇಕಾಗುತ್ತದೆ. 60 ಎಕರೆ ಇದೆ, 18 ಹೋಲ್ ತುರುಕಿ ಅನ್ನುವವರಿಗೆ ನನ್ನ ಉತ್ತರ ಒಂದೇ: 9 ಹೋಲ್ ಮಾಡಿ, ಚೆನ್ನಾಗಿ ಮಾಡಿ. ಪ್ರತಿ ಹೋಲಿಗೆ ಎರಡು ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಇಟ್ಟರೆ ಅದೇ 9ನ್ನು ಎರಡು ಸುತ್ತು ಆಡಬಹುದು. ಕಲ್ಲು ನೆಲದಲ್ಲಿ ಅರೆಬರೆ 18ಕ್ಕಿಂತ ಒಳ್ಳೆಯ 9 ಯಾವಾಗಲೂ ಮೇಲು.

ಪಹಣಿಯಲ್ಲಿ ಖರಾಬು ಅಂತ ಇದೆ. ಅದೂ ನಮ್ಮದೇ ಅಲ್ವಾ?

ಇಲ್ಲಿ ಸ್ವಲ್ಪ ನಿಧಾನಿಸಿ. ಬಂಡೆ ಇರುವ ಸರ್ವೆ ನಂಬರ್‌ಗಳಲ್ಲಿ ಖರಾಬು ಇದ್ದೇ ಇರುತ್ತದೆ. ಎ ಖರಾಬು ಅಂದರೆ ಸಾಗುವಳಿಗೆ ಬಾರದ ಭಾಗ. ಬಿ ಖರಾಬು ಅಂದರೆ ದಾರಿ, ಹಳ್ಳ, ಕಾಲುವೆ, ಕೆರೆಯಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ, ಅದು ಸರ್ಕಾರದ್ದು. ನಿಮ್ಮ 7ನೇ ಹೋಲಿನ ಫೇರ್‌ವೇ (ಟೀಯಿಂದ ಕುಳಿಯ ಕಡೆಗೆ ಹೋಗುವ, ಹುಲ್ಲು ಗಿಡ್ಡ ಕತ್ತರಿಸಿದ ಆಟದ ದಾರಿ) ಮಧ್ಯೆ ಒಂದು ಬಿ ಖರಾಬಿನ ಹಳ್ಳ ಇದ್ದರೆ ಅದನ್ನು ಮುಚ್ಚುವ ಹಾಗಿಲ್ಲ, ತಿರುಗಿಸುವ ಹಾಗಿಲ್ಲ. ಪಕ್ಕದ ಗೋಮಾಳಕ್ಕೆ ದನ ಹೋಗುವ ದಾರಿ ಇದ್ದರೆ ಅದೂ ಅಷ್ಟೇ. ವಿನ್ಯಾಸಕಾರರನ್ನು ಕರೆಯುವ ಮೊದಲು ಸರ್ವೆಯರ್ ಕರೆಸಿ, ಹಳೆಯ ಟಿಪ್ಪಣಿ (ಸರ್ವೆ ಅಳತೆಯ ದಾಖಲೆ) ತೆಗೆಸಿ, ಹದ್ದುಬಸ್ತು (ಗಡಿ ಗುರುತು) ಮಾಡಿಸಿ. ಭೂ ಪರಿವರ್ತನೆ ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಸೆಕ್ಷನ್ ಅಡಿ ಬರುತ್ತದೆ, ಅದಕ್ಕೆ ವಕೀಲರು ಬೇಕು, ನಾನಲ್ಲ.

ಮಣ್ಣಿನ ಕೆಳಗೆ ಬಂಡೆ ಎಷ್ಟು ಆಳದಲ್ಲಿದೆ ಅಂತ ತಿಳಿಯೋದು ಹೇಗೆ?

ದೊಡ್ಡ ಕಂಪನಿಗಳು ಭೂಕಂಪನ ತರಂಗದ ಸರ್ವೆ, ರೇಡಾರ್ ಎಲ್ಲ ಮಾಡಿಸುತ್ತವೆ. ಅದು ಒಳ್ಳೆಯದೇ. ಆದರೆ ಮೊದಲು ಹಾರೆ ಹಿಡಿದು ನಡೆಯಿರಿ. 25 ಅಥವಾ 30 ಮೀಟರ್‌ಗೊಂದು ಗುರುತು ಹಾಕಿಕೊಂಡು ಹಾರೆ ಇಳಿಸುತ್ತಾ ಹೋಗುವುದು. ಗುಂಡುಕಲ್ಲಿಗೆ ತಾಗಿದರೆ ಶಬ್ದ ಮೊಂಡಾಗಿ ಬರುತ್ತದೆ, ಹಾರೆ ಸ್ವಲ್ಪ ಪಕ್ಕಕ್ಕೆ ಜಾರುತ್ತದೆ. ಹಾಸುಬಂಡೆಗೆ ತಾಗಿದರೆ ಠಣ್ ಅನ್ನುತ್ತದೆ, ಅಂಗೈಗೆ ಜುಮ್ ಅನ್ನುವ ಏಟು ಬರುತ್ತದೆ, ಒಂದಡಿ ಆಚೆ ಇಳಿಸಿದರೂ ಅದೇ ಠಣ್, ಅದೇ ಆಳ. ಗೊರಚಿನಲ್ಲಿ ಚರಚರ ಅಂತ ಇಳಿದು ಕಚ್ಚಿಕೊಂಡು ನಿಲ್ಲುತ್ತದೆ, ಎಳೆದರೆ ತುದಿಯಲ್ಲಿ ಹಳದಿ ಪುಡಿ ಅಂಟಿರುತ್ತದೆ. ಬಾವಿ ತೋಡುವ ಹಳಬರು ಯಾರಾದರೂ ಊರಲ್ಲಿ ಇದ್ದರೆ ಕರೆದುಕೊಂಡು ಹೋಗಿ. ಅವರಿಗೆ ಕೇಳಿಸುವುದು ನಮಗೆ ಕೇಳಿಸುವುದಿಲ್ಲ.

ಆ ಅಂಕಿಗಳನ್ನು ನಕ್ಷೆ ಮೇಲೆ ಬರೆದು, ಗ್ರೀನ್ (ಕುಳಿಯ ಸುತ್ತ ತೀರ ಗಿಡ್ಡ ಕತ್ತರಿಸಿದ ಹುಲ್ಲಿನ ಜಾಗ) ಮತ್ತು ಕೆರೆ ಬರುವ ಕಡೆ ಮಾತ್ರ ಜೆಸಿಬಿಯಲ್ಲಿ ಗುಂಡಿ ತೆಗೆಸಿ ಖಚಿತ ಮಾಡಿಕೊಳ್ಳಿ. ಇಡೀ ಜಾಗದಲ್ಲಿ ಗುಂಡಿ ತೋಡಬೇಕಾಗಿಲ್ಲ.

ಮೊದಲು ಬಂಡೆ ಒಡೆಸಿ ಸಮ ಮಾಡಿಬಿಡೋಣ, ಆಮೇಲೆ ಪ್ಲಾನ್ ಹಾಕಿಸೋಣ ಅಂತಿದ್ದೇವೆ...

ದಯವಿಟ್ಟು ಬೇಡ. ಒಳ್ಳೆಯ ರೂಟಿಂಗ್ (ಯಾವ ಹೋಲ್ ಎಲ್ಲಿ ಹಾದು ಹೋಗಬೇಕು ಅನ್ನುವ ಯೋಜನೆ) ಇದ್ದರೆ ಒಡೆಯಬೇಕು ಅಂದುಕೊಂಡಿದ್ದ ಬಂಡೆಯಲ್ಲಿ ಬಹುಪಾಲು ಹಾಗೇ ಉಳಿಯುತ್ತದೆ. ಎತ್ತರದ ಹಾಸುಬಂಡೆ ಪಕ್ಕ ಟೀ ಇಡುವುದು, ಮಣ್ಣು ಆಳ ಇರುವ ತಗ್ಗಿನಲ್ಲಿ ಫೇರ್‌ವೇ ಹರಿಸುವುದು, ಗುಂಡುಕಲ್ಲು ಗುಂಪಾಗಿರುವ ಕಡೆ ಚಿಕ್ಕ ಪಾರ್ 3 (ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲ್) ಹಾಕಿ ಚೆಂಡನ್ನು ಅದರ ಮೇಲೆ ಹಾರಿಸುವುದು. ಪಾರ್ 3ರಲ್ಲಿ ಟೀ ಮತ್ತು ಗ್ರೀನ್ ಬಿಟ್ಟರೆ ನಡುವೆ ಹುಲ್ಲೇ ಬೇಕಿಲ್ಲ ಅನ್ನುವುದು ಬಂಡೆ ಜಾಗಕ್ಕೆ ದೊಡ್ಡ ಅನುಕೂಲ. ಮೌನಾ ಕೇಯಾದ 3ನೇ ಹೋಲಿನಲ್ಲಿ ನಡುವೆ ಇರುವುದು ಸಮುದ್ರ. ನಮಗೆ ಬಂಡೆ ಇರಲಿ, ಏನಾಯಿತು.

ಅರ್ಧ ಮೀಟರ್ ಅಂತರದ ಕಾಂಟೂರ್ (ನೆಲದ ಎತ್ತರ ತಗ್ಗು ತೋರಿಸುವ ಗೆರೆಗಳ) ನಕ್ಷೆ, ಅದರ ಮೇಲೆ ಬಂಡೆಯ ಆಳ, ಮಳೆ ನೀರು ಹರಿಯುವ ದಾರಿ. ಈ ಮೂರು ಕೈಯಲ್ಲಿ ಇಲ್ಲದೆ ಪ್ಲಾನ್ ಹಾಕಿಕೊಡುತ್ತೇನೆ ಅನ್ನುವವರನ್ನು ನಂಬಬೇಡಿ.

ಒಡೆಯಲೇಬೇಕಾದ ಕಡೆ ಸಿಡಿಮದ್ದಾ, ಬ್ರೇಕರಾ?

ಕಮ್ಮಿ ಇದ್ದರೆ ಎಕ್ಸ್‌ಕವೇಟರ್‌ಗೆ ಬ್ರೇಕರ್ (ಬಂಡೆ ಕುಟ್ಟಿ ಒಡೆಯುವ ಉಳಿ) ಹಾಕಿಸಿ. ನಿಧಾನ, ಕರ್ಕಶ, ಆದರೆ ಹಿಡಿತದಲ್ಲಿ ಇರುತ್ತದೆ. ಮನೆ, ಬೋರ್‌ವೆಲ್, ಗುಡಿ ಹತ್ತಿರ ಇದ್ದರೆ ರಂಧ್ರ ಕೊರೆದು ಹಿಗ್ಗುವ ರಾಸಾಯನಿಕ ಪುಡಿ ತುಂಬುವ ವಿಧಾನ ಇದೆ. ಸುಣ್ಣದ ಮೂಲದ ಪುಡಿ ಅದು, ನೀರು ಹಾಕಿ ತುಂಬಿದರೆ ಗಂಟೆಗಳ ಮೇಲೆ ಸದ್ದಿಲ್ಲದೆ ಬಂಡೆ ಬಿರುಕು ಬಿಡುತ್ತದೆ. ಹೆಚ್ಚು ಪ್ರಮಾಣಕ್ಕೆ ಸ್ಫೋಟವೇ ಅಗ್ಗ, ಆದರೆ ಸ್ಫೋಟಕ ನಿಯಮ 2008ರ ಪ್ರಕಾರ ಪರವಾನಗಿ ಇರುವವರೇ ಮಾಡಬೇಕು. ಮೊದಲೇ ಸುತ್ತಲಿನ ಮನೆಗಳ ಗೋಡೆಯ ಫೋಟೋ ತೆಗೆದಿಡಿ. ಹಳೆಯ ಬಿರುಕು ಯಾವುದು, ಹೊಸದು ಯಾವುದು ಅನ್ನುವ ಜಗಳ ಬಂದೇ ಬರುತ್ತದೆ.

ಇನ್ನೊಂದು ಮಾತು. ಬೇಕಾದ ಮಟ್ಟಕ್ಕಿಂತ ಒಂದಡಿಯಾದರೂ ಕೆಳಗೆ ಒಡೆಸಿ. ಮಟ್ಟಕ್ಕೆ ಸರಿಯಾಗಿ ಒಡೆಸಿದರೆ ಮಣ್ಣಿಗೆ, ಪೈಪಿಗೆ ಜಾಗ ಇರುವುದಿಲ್ಲ, ಮತ್ತೆ ಬ್ರೇಕರ್ ತರಿಸಬೇಕಾಗುತ್ತದೆ.

ಒಡೆದ ಕಲ್ಲನ್ನು ಮಾರಬಹುದಾ?

ಸುಮ್ನೆ ಲಾರಿಗೆ ತುಂಬಿ ಕಳಿಸುವ ಹಾಗಿಲ್ಲ. ಕಟ್ಟಡ ಕಲ್ಲು ಉಪಖನಿಜ. 1994ರ ಕರ್ನಾಟಕ ಉಪಖನಿಜ ನಿಯಮಗಳ ಪ್ರಕಾರ ಹೊರಗೆ ಸಾಗಿಸಲು ಗಣಿ ಇಲಾಖೆಯ ಅನುಮತಿ, ರಾಜಧನ ಎಲ್ಲ ಬೇಕು. ಅದಕ್ಕಿಂತ ಒಳಗೇ ಬಳಸಿ. ಒಂದು ಘನ ಮೀಟರ್ ಗಟ್ಟಿ ಗ್ರಾನೈಟ್ ಒಡೆದರೆ ಸುಮಾರು ಒಂದೂವರೆ ಘನ ಮೀಟರ್ ಆಗುತ್ತದೆ, ತಗ್ಗು ತುಂಬಲು ಸಾಕಷ್ಟು ಸಿಗುತ್ತದೆ. ದಪ್ಪ ಕಲ್ಲು ಕೆಳಗೆ, ಸಣ್ಣದು ಮೇಲೆ, ಅದರ ಮೇಲೆ ಗೊರಚು. ದಪ್ಪ ಕಲ್ಲಿನ ಮೇಲೆ ನೇರ ಮಣ್ಣು ಹಾಕಿದರೆ ಎರಡು ಮಳೆಗಾಲದಲ್ಲಿ ಮಣ್ಣು ಸಂದಿಗೆ ಇಳಿದು ಫೇರ್‌ವೇ ತುಂಬ ಹೊಂಡ ಬೀಳುತ್ತವೆ.

ಮೇಲೆ ಎಷ್ಟು ಮಣ್ಣು ಹಾಕಬೇಕು?

ಫೇರ್‌ವೇಗೆ 20 ಸೆಂ.ಮೀ. ಇರಲಿ, 30 ಆದರೆ ಇನ್ನೂ ಒಳ್ಳೆಯದು. ಲೆಕ್ಕ ಹೀಗಿದೆ: ಒಂದು ಹೆಕ್ಟೇರಿಗೆ 20 ಸೆಂ.ಮೀ. ಅಂದರೆ 2,000 ಘನ ಮೀಟರ್. 18 ಹೋಲಿನ ಫೇರ್‌ವೇ 12 ಹೆಕ್ಟೇರ್ ಅಂತಿಟ್ಟುಕೊಳ್ಳಿ, 24,000 ಘನ ಮೀಟರ್ ಆಯಿತು. 10 ಘನ ಮೀಟರಿನ ಟಿಪ್ಪರ್ ಆದರೆ 2,400 ಲೋಡ್. ರಫ್, ಅಂದರೆ ಫೇರ್‌ವೇ ಆಚೀಚೆಯ ಉದ್ದ ಹುಲ್ಲಿನ ಜಾಗ, ಇದರಲ್ಲಿ ಸೇರಿಲ್ಲ. ಈ ಲೆಕ್ಕ ತೋರಿಸಿದ ಮೇಲೆ ಎಷ್ಟೋ ಜನ ಸುಮ್ಮನಾಗುತ್ತಾರೆ. ಅದಕ್ಕೇ ಮೊದಲ ದಿನವೇ ಹೇಳುವುದು, ಜಾಗದಲ್ಲಿ ಇರುವ ಮೇಲ್ಮಣ್ಣನ್ನು ಕೆರೆದು ಒಂದು ಕಡೆ ರಾಶಿ ಹಾಕಿ, ಒಂದು ಬುಟ್ಟಿಯೂ ಹೊರಗೆ ಹೋಗಬಾರದು.

ಪೀಟ್ ಡೈ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಮಾಡಿದ್ದು ನಮಗೆ ಚೆನ್ನಾಗಿ ಹೊಂದುತ್ತದೆ. ಮಣ್ಣು, ಮರಳಿನ ಜೊತೆ ಸಕ್ಕರೆ ಕಾರ್ಖಾನೆಯ ಮಡ್ಡಿ ಬೆರೆಸಿದರು. ನಾವು ಪ್ರೆಸ್‌ಮಡ್ ಅಂತೀವಲ್ಲ, ಅದೇ. ಮಂಡ್ಯ ಕಡೆ ರೈತರು ಗದ್ದೆಗೆ ಹಾಕುತ್ತಲೇ ಇದ್ದಾರೆ. ಕೊಳೆತದ್ದನ್ನೇ ತನ್ನಿ, ಹಸಿ ತಂದರೆ ಬಿಸಿಗೆ ಬೇರು ಸುಡುತ್ತದೆ.

ಕೆರೆ ಹೂಳು ಉಚಿತವಾಗಿ ಸಿಗುತ್ತದೆ, ಅದನ್ನೇ ಹಾಕಲಾ?

ರಫ್‌ಗೆ, ಮರದ ಗುಂಡಿಗೆ ಹಾಕಿ. ಫೇರ್‌ವೇಗೆ ಗೊರಚು, ಮರಳಿನ ಜೊತೆ ಸ್ವಲ್ಪ ಬೆರೆಸಿ. ಗ್ರೀನ್ ಹತ್ತಿರವೂ ತರಬೇಡಿ. ಹೂಳಿನಲ್ಲಿ ಜೇಡಿ ಜಾಸ್ತಿ, ಮಳೆಗೆ ಅಂಟು, ಬಿಸಿಲಿಗೆ ಬಿರುಕು. ಆ ಜೇಡಿಯೇ ನೀರು ಹಿಡಿಯುವ ಕೊಳದ ತಳಕ್ಕೆ ಮಾತ್ರ ಬಹಳ ಚೆನ್ನಾಗಿ ಆಗುತ್ತದೆ.

ಗ್ರೀನ್‌ಗೆ ಎಂ-ಸ್ಯಾಂಡ್ ಆಗುತ್ತದಾ? ನದಿ ಮರಳು ಸಿಗುತ್ತಿಲ್ಲ.

ಆಗುತ್ತದೆ, ಆದರೆ ಕಟ್ಟಡದ ಎಂ-ಸ್ಯಾಂಡ್ ಆಗುವುದಿಲ್ಲ. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1960ರಲ್ಲಿ ಗ್ರೀನ್ ಕಟ್ಟುವ ಒಂದು ಮಾದರಿ ಹೊರತಂದಿತು, ಆಮೇಲೆ ಕೆಲವು ಸಲ ತಿದ್ದಿದ್ದಾರೆ, ಜಗತ್ತಿನಾದ್ಯಂತ ಅದನ್ನೇ ನೋಡಿಕೊಂಡು ಕಟ್ಟುತ್ತಾರೆ. ಅದರ ಪ್ರಕಾರ ಮಿಶ್ರಣದ ಕನಿಷ್ಠ 60 ಶೇಕಡಾ ಕಾಳು ಕಾಲು ಮಿ.ಮೀ.ನಿಂದ 1 ಮಿ.ಮೀ. ಒಳಗೆ ಇರಬೇಕು. ಅತಿ ನುಣ್ಣನೆಯ ಮರಳು, ಹೂಳು, ಜೇಡಿ ಮೂರೂ ಸೇರಿ 10 ಶೇಕಡಾ ದಾಟಬಾರದು. ಕ್ರಷರ್‌ನಿಂದ ಬರುವ ಮರಳಿನಲ್ಲಿ ಕಲ್ಲುಪುಡಿ ಇದಕ್ಕಿಂತ ಜಾಸ್ತಿ ಇರುತ್ತದೆ. ತೊಳೆಯಲೇಬೇಕು, ಲ್ಯಾಬ್‌ನಲ್ಲಿ ಜರಡಿ ಪರೀಕ್ಷೆ ಮಾಡಿಸಲೇಬೇಕು.

ಸ್ಥಳದಲ್ಲೇ ಅಂದಾಜು ನೋಡಲು ಒಂದು ದಾರಿ: ಅಗಲ ಬಾಯಿಯ ಗಾಜಿನ ಬಾಟಲಿಗೆ ಅರ್ಧ ಮರಳು, ಮೇಲೆ ನೀರು, ಚೆನ್ನಾಗಿ ಕುಲುಕಿ ಇಡಿ. ಮರಳು ಕ್ಷಣದಲ್ಲಿ ಕೂರುತ್ತದೆ. ಅದರ ಮೇಲೆ ಬೂದಿ ಬಣ್ಣದ ಪದರ ನಿಧಾನಕ್ಕೆ ಕೂರುತ್ತದೆ, ಒಂದು ಗಂಟೆ ಆದರೂ ನೀರು ಹಾಲು ಹಾಲಾಗಿಯೇ ಇದ್ದರೆ ಆ ಲೋಡ್ ವಾಪಸ್ ಕಳಿಸಿ. ಒಂದು ಸೈಟಿನಲ್ಲಿ ಸರಬರಾಜುದಾರನೊಬ್ಬ ಮೊದಲ ಕೆಲವು ಲೋಡ್ ಅಪ್ಪಟ ತೊಳೆದ ಮರಳು ಕೊಟ್ಟು, ಆಮೇಲೆ ರಾತ್ರಿ ಪಾಳಿಯಲ್ಲಿ ಬರೀ ಡಸ್ಟ್ ಸುರಿಸಿ ಹೋಗಿದ್ದ. ಅಂದಿನಿಂದ ಕತ್ತಲಾದ ಮೇಲೆ ಮರಳು ಇಳಿಸಿಕೊಳ್ಳುವ ಪದ್ಧತಿಯೇ ಇಲ್ಲ.

ಮರಳಿನ ಜೊತೆ ಬೆರೆಸಲು ಹೊರಗಿನವರು ಪೀಟ್ (ಜೌಗು ನೆಲದ ಕೊಳೆತ ಸಸ್ಯದ ಪುಡಿ) ಬಳಸುತ್ತಾರೆ, ನಮಗೆ ತಿಪಟೂರು, ಅರಸೀಕೆರೆ ಕಡೆಯ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ ಇದೆ. ಅಳತೆಯಲ್ಲಿ 10ರಿಂದ 15 ಶೇಕಡಾ ಸಾಕು. ಅದರಲ್ಲಿ ಉಪ್ಪು ಇರುತ್ತದೆ, ತೊಳೆದದ್ದನ್ನೇ ಕೇಳಿ.

ಬಂಡೆ ಮೇಲೆ ಗ್ರೀನ್ ಹೇಗೆ ಕಟ್ಟುತ್ತಾರೆ?

ಒಂದು ಗ್ರೀನ್ ಸುಮಾರು 500ರಿಂದ 600 ಚದರ ಮೀಟರ್. ಮೊದಲು ತಳವನ್ನು ಗ್ರೀನಿನ ಆಕಾರಕ್ಕೇ ಮಾಡಿಕೊಳ್ಳಿ. ಬಂಡೆ ಎದ್ದಿರುವ ಕಡೆ ಕೆತ್ತಿಸಿ, ತಗ್ಗಿಗೆ ಗೊರಚು ತುಂಬಿ ಗಟ್ಟಿ ಮಾಡಿ. ಅದರಲ್ಲಿ ಕಾಲುವೆ ಕೊರೆದು 4 ಇಂಚಿನ ತೂತು ಪೈಪು, ಒಂದರಿಂದ ಒಂದಕ್ಕೆ ನಾಲ್ಕೂವರೆ ಮೀಟರ್‌ಗಿಂತ ದೂರ ಬೇಡ. ಅದರ ಮೇಲೆ 10 ಸೆಂ.ಮೀ. ಜಲ್ಲಿ, ಮೇಲೆ 30 ಸೆಂ.ಮೀ. ಮರಳಿನ ಮಿಶ್ರಣ.

ಜಲ್ಲಿಯ ಮೇಲೆ ಮರಳು ಇಟ್ಟರೆ ನೀರು ತಕ್ಷಣ ಇಳಿದುಹೋಗುತ್ತದೆ ಅಂತ ಅನಿಸುತ್ತದೆ, ಹಾಗಾಗುವುದಿಲ್ಲ. ಸಣ್ಣ ಕಾಳಿನ ಮರಳು ನೀರನ್ನು ಹಿಡಿದುಕೊಳ್ಳುತ್ತದೆ, ದಪ್ಪ ಜಲ್ಲಿಗೆ ಬಿಡುವುದಿಲ್ಲ. ಮರಳಿನ ತಳ ಪೂರ್ತಿ ತುಂಬಿದ ಮೇಲಷ್ಟೇ ಹೆಚ್ಚಿನದ್ದು ಕೆಳಗೆ ಬೀಳುತ್ತದೆ. ಅಂದರೆ ಬೇಸಿಗೆಯಲ್ಲಿ ಬೇರಿಗೆ ತೇವ ಇರುತ್ತದೆ, ಜೋರು ಮಳೆಯಲ್ಲಿ ನೀರು ನಿಲ್ಲುವುದಿಲ್ಲ. ಬಂಡೆ ಜಾಗಕ್ಕೆ ಹೇಳಿ ಮಾಡಿಸಿದ ವ್ಯವಸ್ಥೆ ಇದು. ಆದರೆ ಕಾಳಿನ ಗಾತ್ರ ತಪ್ಪಿದರೆ ಮರಳು ಜಲ್ಲಿಯೊಳಗೆ ಇಳಿದು ಪೈಪು ಕಟ್ಟಿಕೊಳ್ಳುತ್ತದೆ. ಆಮೇಲೆ ಇಡೀ ಗ್ರೀನ್ ಕಿತ್ತು ಮತ್ತೆ ಕಟ್ಟುವುದೇ. ಇಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಬೇಡಿ.

ಮಳೆ ನಿಂತು ವಾರವಾದರೂ ಒಂದು ಕಡೆ ನೀರು ಜಿನುಗುತ್ತಲೇ ಇದೆ. ಪೈಪು ಒಡೆದಿದೆಯಾ?

ಬಹುಶಃ ಇಲ್ಲ. ಮೇಲಿನ ಇಳಿಜಾರಿನ ನೀರು ಮಣ್ಣಿನೊಳಗೆ ಇಳಿದು, ಬಂಡೆಯ ಬೆನ್ನ ಮೇಲೆ ಜಾರಿಕೊಂಡು ಬಂದು, ಮಣ್ಣು ತೆಳುವಾಗಿರುವ ಕಡೆ ಹೊರಗೆ ಬರುತ್ತಿದೆ. ಮೇಲಿನಿಂದ ಎಷ್ಟು ಪೈಪು ಹಾಕಿದರೂ ನಿಲ್ಲುವುದಿಲ್ಲ. ಜಿನುಗುವ ಜಾಗದಿಂದ ಸ್ವಲ್ಪ ಮೇಲಕ್ಕೆ, ಇಳಿಜಾರಿಗೆ ಅಡ್ಡಲಾಗಿ, ಬಂಡೆ ಸಿಗುವ ತನಕ ಕಾಲುವೆ ತೋಡಿ ಜಲ್ಲಿ ತುಂಬಿ ಪೈಪು ಹಾಕಿ. ಬಂಡೆ ತಾಗುವ ತನಕ, ಅದು ಮುಖ್ಯ. ಅರ್ಧಕ್ಕೆ ನಿಲ್ಲಿಸಿದರೆ ನೀರು ಅದರ ಕೆಳಗೇ ದಾಟಿ ಹೋಗುತ್ತದೆ.

ದಿನಕ್ಕೆ ಎಷ್ಟು ನೀರು ಬೇಕು? ಬೋರ್ ಕೊರೆಸಿದರೆ ಸಾಲದಾ?

ಒಂದು ಹೆಕ್ಟೇರಿಗೆ 1 ಮಿ.ಮೀ. ನೀರು ಅಂದರೆ 10,000 ಲೀಟರ್. ಬೇಸಿಗೆಯಲ್ಲಿ ದಿನಕ್ಕೆ 4 ಮಿ.ಮೀ. ಹಿಡಿಯಿರಿ, ನೀರುಣಿಸುವ ಜಾಗ 25 ಹೆಕ್ಟೇರ್ ಇದ್ದರೆ ದಿನಕ್ಕೆ 10 ಲಕ್ಷ ಲೀಟರ್. ಇದನ್ನು ಬೋರ್‌ವೆಲ್‌ನಿಂದ ಎತ್ತುತ್ತೇನೆ ಅನ್ನುವುದು ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆ ಆಗದ ಮಾತು. ಅಂತರ್ಜಲ ಮಿತಿಮೀರಿ ಬಳಕೆಯಾದ ಪ್ರದೇಶ ಅದು, 2011ರ ಅಂತರ್ಜಲ ಕಾಯ್ದೆ ಪ್ರಕಾರ ಅಧಿಸೂಚಿತ ಕಡೆ ಅನುಮತಿ ಇಲ್ಲದೆ ಕೊರೆಯುವ ಹಾಗೂ ಇಲ್ಲ. ಅನುಮತಿ ಸಿಕ್ಕರೂ ಪಕ್ಕದ ರೈತನ ಟೊಮೇಟೊ ತೋಟದ ನೀರು ಎಳೆದುಕೊಂಡು ಹುಲ್ಲು ಬೆಳೆಸುವುದು ಸರಿಯಲ್ಲ, ಊರಿನವರು ಸುಮ್ಮನಿರುವುದೂ ಇಲ್ಲ.

ದಾರಿ ಎರಡು. ಒಂದು, ಸಂಸ್ಕರಿಸಿದ ಕೊಳಚೆ ನೀರು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೇ ಹೋಗುತ್ತಿದೆ, ಹುಲ್ಲಿಗೆ ಇಂಥ ನೀರು ಬಳಸಲು ನಾಚಿಕೆ ಬೇಕಿಲ್ಲ. ಉಪ್ಪು, ಸೋಡಿಯಂ ಎಷ್ಟಿದೆ ಅಂತ ಆಗಾಗ ಪರೀಕ್ಷೆ ಮಾಡಿಸಿ. ನೀರು ಕೆಳಗೆ ಬಸಿದು ಹೋಗದಿದ್ದರೆ ಉಪ್ಪು ಬೇರಿನ ಬಳಿಯೇ ನಿಲ್ಲುತ್ತದೆ.

ಇನ್ನೊಂದು, ಬಂಡೆಯನ್ನೇ ದುಡಿಸಿಕೊಳ್ಳುವುದು. ಒಂದು ಎಕರೆ ಬರೀ ಹಾಸುಬಂಡೆ ಮೇಲೆ 100 ಮಿ.ಮೀ. ಮಳೆ ಬಿದ್ದರೆ 4 ಲಕ್ಷ ಲೀಟರ್, ಅದರಲ್ಲಿ ಬಹುಪಾಲು ಹರಿದೇ ಬರುತ್ತದೆ. ಚಿತ್ರದುರ್ಗದ ಕೋಟೆ ನೋಡಿದವರಿಗೆ ಇದು ಹೊಸದಲ್ಲ. ಮೇಲಿನ ಬಂಡೆಗಳ ನೀರು ಗೋಪಾಲಸ್ವಾಮಿ ಹೊಂಡಕ್ಕೆ, ಅಲ್ಲಿಂದ ಅಕ್ಕತಂಗಿ ಹೊಂಡಕ್ಕೆ, ಹೀಗೆ ಇಳಿಯುತ್ತಾ ಊರೊಳಗಿನ ಸಂತೆ ಹೊಂಡದವರೆಗೆ. ಕೋರ್ಸಿನಲ್ಲೂ ಇದೇ ಮಾಡಿ. ಮೇಲೊಂದು, ನಡುವೆ ಒಂದು, ತಳದಲ್ಲಿ ದೊಡ್ಡದೊಂದು ಕೊಳ. ಹಳೆಯ ಕ್ವಾರಿ ಗುಂಡಿ ಜಾಗದೊಳಗೇ ಇದ್ದರೆ ಅದೃಷ್ಟ ಅನ್ನಿ, ಪುಕ್ಕಟೆ ಜಲಾಶಯ.

ಬಂಡೆಯಲ್ಲಿ ನೀರಿನ ಪೈಪು ಹೂಳುವುದು ಹೇಗೆ?

ಹೂಳಬೇಡಿ. ಒಡೆದ ತಳದ ಮೇಲೇ ಪೈಪು ಇಟ್ಟು, ಸುತ್ತ 10 ಸೆಂ.ಮೀ. ಮರಳು ಹಾಕಿ, ಆಮೇಲೆ ಮಣ್ಣು ಏರಿಸಿ. ಮಣ್ಣು ಹಾಕಿದ ಮೇಲೆ ಪೈಪಿಗಾಗಿ ಮತ್ತೆ ಬಂಡೆ ಕೊರೆಯುವುದನ್ನು ನೋಡಿದ್ದೇನೆ, ದುಪ್ಪಟ್ಟು ಖರ್ಚು. ಪೈಪು ಎಚ್‌ಡಿಪಿಇ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಇರಲಿ. ಚೂಪು ಕಲ್ಲು ನೇರ ತಾಗಿದರೆ ಅದೂ ತೂತಾಗುತ್ತದೆ, ಮರಳು ಮರೆಯಬೇಡಿ. ಎಲ್ಲಿ ಹಾಕಿದಿರಿ ಅಂತ ಜಿಪಿಎಸ್ ಗುರುತು, ಫೋಟೋ ಇಟ್ಟುಕೊಳ್ಳಿ.

ಯಾವ ಹುಲ್ಲು?

ಗಣಪತಿಗೆ ಏರಿಸುವ ಗರಿಕೆಯೇ. ಹೊರಗೆ ಬರ್ಮುಡಾ ಅನ್ನುವ ಹುಲ್ಲು ಅದು. ಅದರ ಹೈಬ್ರಿಡ್‌ಗಳು ಬೇಕು: ಫೇರ್‌ವೇಗೆ ಟಿಫ್‌ವೇ 419, ಗ್ರೀನ್‌ಗೆ ಟಿಫ್‌ಡ್ವಾರ್ಫ್ ಅಥವಾ ಟಿಫ್‌ಈಗಲ್. ಗ್ರೀನಿನಲ್ಲಿ ಇದನ್ನು 3 ಮಿ.ಮೀ. ಎತ್ತರಕ್ಕೆ ಕತ್ತರಿಸುತ್ತಾರೆ. ಇವಕ್ಕೆ ಬೀಜ ಇಲ್ಲ, ತುಂಡು ನೆಡಬೇಕು. ನೀರಿನಲ್ಲಿ ಉಪ್ಪು ಜಾಸ್ತಿ ಇದ್ದರೆ, ಮಂಗಳೂರು ಕಡೆಯ ಸಮುದ್ರ ತೀರದಲ್ಲೋ ಸಂಸ್ಕರಿಸಿದ ನೀರು ಒರಟಾಗಿರುವ ಕಡೆಯೋ, ಉಪ್ಪು ತಡೆಯುವ ಪಾಸ್ಪಲಮ್ ಹುಲ್ಲು ನೋಡಿ. ರಫ್‌ನಲ್ಲಿ ಊರಿನ ಹುಲ್ಲುಗಳನ್ನೇ ಬಿಡಿ, ನೀರು ಉಳಿಯುತ್ತದೆ.

ಎಷ್ಟು ಆರಿಸಿದರೂ ಸಣ್ಣ ಕಲ್ಲು ಮೇಲೆ ಬರುತ್ತಲೇ ಇದೆ...

ಬರುತ್ತದೆ. ನೀರು ನುಣ್ಣನೆಯ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ, ಕಲ್ಲು ಉಳಿಯುತ್ತದೆ. ನೆಡುವ ಮೊದಲು ಮೇಲಿನ 15 ಸೆಂ.ಮೀ. ಅನ್ನು ರಾಕ್ ರೇಕ್ ಯಂತ್ರದಲ್ಲಿ ಬಾಚಿಸಿ, ಆಮೇಲೆ ಕೈಯಲ್ಲಿ ಆರಿಸಿ. ಈ ಕೆಲಸದಲ್ಲಿ ಊರಿನ ಹೆಂಗಸರ ಕೈಗೆ ಯಾವ ಯಂತ್ರವೂ ಸಾಟಿಯಲ್ಲ, ಕೂಲಿ ಸರಿಯಾಗಿ ಕೊಡಿ. ಮೊದಲ ವರ್ಷ ಫೇರ್‌ವೇ ಮೊವರ್‌ನ (ಹುಲ್ಲು ಕತ್ತರಿಸುವ ಯಂತ್ರದ) ಬ್ಲೇಡ್ ಹಾಳಾಗುವುದು ಖಂಡಿತ. ಒಂದು ಗೋಲಿ ಗಾತ್ರದ ಬಿಳಿಕಲ್ಲು ತಿರುಗುವ ರೀಲಿಗೂ ಅಡಿಬ್ಲೇಡಿಗೂ ನಡುವೆ ಸಿಕ್ಕಿದರೆ ಸಾಕು, ಅಂಚಿನಲ್ಲಿ ಕಚ್ಚು ಬಿದ್ದು, ಕತ್ತರಿಸಿದ ಕಡೆಯೆಲ್ಲ ಉದ್ದಕ್ಕೆ ಒಂದು ಗೆರೆ ಹುಲ್ಲು ನಿಂತೇ ಇರುತ್ತದೆ. ಹಳೆಯ ಮೊವರ್ ಒಂದನ್ನು ಆ ವರ್ಷಕ್ಕೆ ಇಟ್ಟುಕೊಳ್ಳಿ. ಮೇಲೆ ಆಗಾಗ ಮರಳು ಹರಡುತ್ತಾ ಬಂದರೆ ಕಡಿಮೆಯಾಗುತ್ತದೆ.

ಚೆಂಡು ಬಂಡೆಗೆ ಬಡಿದು ವಾಪಸ್ ಬಂದರೆ? ಆಡುವವರು ಬಂಡೆ ಸರಿಸಬಹುದಾ?

ಟೀ ಮುಂದೆ ನೇರಕ್ಕೆ ಬಂಡೆಯ ಮುಖ ಇರಬಾರದು, ಅದು ಅಪಾಯ. ಪಕ್ಕದಲ್ಲಿದ್ದರೆ ಪರವಾಗಿಲ್ಲ. ನಿಯಮದ ವಿಷಯಕ್ಕೆ ಬಂದರೆ, ನೆಲಕ್ಕೆ ಹೂತಿಲ್ಲದ ಬಿಡಿ ಕಲ್ಲನ್ನು, ಎಷ್ಟೇ ದೊಡ್ಡದಿರಲಿ, ಸರಿಸಬಹುದು. ಬೇರೆಯವರ ಸಹಾಯವನ್ನೂ ತೆಗೆದುಕೊಳ್ಳಬಹುದು. 1999ರ ಫೀನಿಕ್ಸ್ ಓಪನ್‌ನಲ್ಲಿ ಟೈಗರ್ ವುಡ್ಸ್ ಚೆಂಡಿನ ಮುಂದೆ ಬಂಡೆ ಬಂದಾಗ ಪ್ರೇಕ್ಷಕರೇ ಸೇರಿ ಉರುಳಿಸಿದ್ದರು! ನೆಲಕ್ಕಂಟಿದ ಹಾಸುಬಂಡೆಗೆ ಆ ರಿಯಾಯಿತಿ ಇಲ್ಲ. ಇದ್ದ ಹಾಗೆ ಆಡಬೇಕು, ಇಲ್ಲವಾದರೆ ಒಂದು ಸ್ಟ್ರೋಕ್ (ಹೊಡೆತ) ದಂಡ ತೆತ್ತು ಚೆಂಡು ಬೇರೆ ಕಡೆ ಹಾಕಿಕೊಳ್ಳಬೇಕು.

ಚಿರತೆ, ಕಾಡುಹಂದಿ?

ಬಂಡೆ ಇದ್ದರೆ ಚಿರತೆ ಇರುತ್ತದೆ ಅಂತಲೇ ತಿಳಿಯಿರಿ. ರಾಮನಗರದ ರಾಮದೇವರಬೆಟ್ಟ 2012ರಿಂದ ರಣಹದ್ದು ಧಾಮ, ನಂದಿಬೆಟ್ಟದಂಥ ಕಲ್ಲುಗುಡ್ಡಗಳಲ್ಲಿ ಹಳದಿ ಕೊರಳಿನ ಪಿಕಳಾರ ಅನ್ನುವ ಅಪರೂಪದ ಹಕ್ಕಿ ಇದೆ. ಇಂಥ ಜಾಗದ ಹತ್ತಿರ ಸ್ಫೋಟದ ಮಾತೇ ಎತ್ತಬೇಡಿ, ಬೇರೆ ಜಾಗ ನೋಡಿ. ದಿನನಿತ್ಯದ ಕಾಟ ಕಾಡುಹಂದಿಯದ್ದು. ಹುಲ್ಲಿನ ಕೆಳಗಿನ ಗೊಣ್ಣೆಹುಳಕ್ಕಾಗಿ ಒಂದೇ ರಾತ್ರಿಯಲ್ಲಿ ಫೇರ್‌ವೇ ಉತ್ತು ಹಾಕುತ್ತದೆ. ಹುಳ ಕಮ್ಮಿ ಮಾಡಿದರೆ ಹಂದಿಯೂ ಕಮ್ಮಿ.

ಹುಲ್ಲೇ ಇಲ್ಲದೆ ಮಾಡಬಹುದಾ?

ಮಾಡಬಹುದು, ಮತ್ತು ಕಮ್ಮಿ ಬಂಡವಾಳದವರಿಗೆ ನನ್ನ ಮೊದಲ ಸಲಹೆ ಇದೇ. ಆಸ್ಟ್ರೇಲಿಯಾದ ಕೂಬರ್ ಪೀಡಿಯಲ್ಲಿ ಒಂದು ಹುಲ್ಲೆಳೆಯೂ ಇಲ್ಲದ ಕೋರ್ಸ್ ಇದೆ, ಆಡುವವರು ಚೆಂಡಿಡಲು ಕೃತಕ ಹುಲ್ಲಿನ ತುಂಡು ಜೊತೆಗೇ ಒಯ್ಯುತ್ತಾರೆ. ನಮ್ಮ ದೇಶದಲ್ಲೂ ಎಷ್ಟೋ ಕಡೆ ಗ್ರೀನ್ ಬದಲು ಎಣ್ಣೆ ಬೆರೆಸಿದ ಮರಳಿನ 'ಬ್ರೌನ್' ಮೇಲೆ ಆಡುತ್ತಿದ್ದರು. ಈಗ ಗ್ರೀನ್, ಟೀಗೆ ಕೃತಕ ಹುಲ್ಲು ಹಾಕಿ, ಉಳಿದದ್ದನ್ನು ಮಳೆಗಾಲದ ಹುಲ್ಲಿಗೆ ಬಿಟ್ಟು 6 ಹೋಲ್ ಶುರು ಮಾಡಬಹುದು. ಜನ ಬಂದರೆ ಆಮೇಲೆ ನಿಜವಾದ ಗ್ರೀನ್ ಕಟ್ಟಿ.

ಎಷ್ಟು ಸಮಯ ಹಿಡಿಯುತ್ತದೆ? ಯಾವ ತಿಂಗಳಲ್ಲಿ ಶುರು ಮಾಡೋದು?

ಕಾಗದ ಪತ್ರ ಎಲ್ಲ ಕೈಗೆ ಬಂದ ಮೇಲೂ ಒಂದೂವರೆ ಎರಡು ವರ್ಷ ಇಟ್ಟುಕೊಳ್ಳಿ. ಸರ್ವೆಯನ್ನು ಮಳೆಗಾಲದಲ್ಲೇ ಮಾಡಿ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಛತ್ರಿ ಹಿಡಿದು ಜಾಗ ಸುತ್ತಿ, ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ ಅಂತ ಗೂಟ ಹೊಡೆಯುತ್ತಾ ಹೋಗಿ. ಬೇಸಿಗೆಯಲ್ಲಿ ಜಾಗ ನೋಡಿ ಪ್ಲಾನ್ ಹಾಕಿದವರ ಗ್ರೀನು ಹಳ್ಳದಲ್ಲೇ ಬಂದು ಕೂರುತ್ತದೆ. ಬಂಡೆ, ಮಣ್ಣಿನ ಕೆಲಸ ಡಿಸೆಂಬರ್‌ನಿಂದ ಮೇ. ಕೊಳಗಳನ್ನು ಮೊದಲು ಮುಗಿಸಿ, ಮುಂಗಾರಿಗೆ ಮುಂಚೆ ಬೀಳುವ ಮಳೆಯೂ ಸಿಗಲಿ. ಆ ಮೊದಲ ಜೋರು ಮಳೆಗೆ ಮಣ್ಣು ಎಲ್ಲಿ ಕೊಚ್ಚಿತು ನೋಡಿ ಅಲ್ಲಲ್ಲೇ ಸರಿ ಮಾಡಿ, ಆಮೇಲೆ ಜೂನ್‌ನಲ್ಲಿ ಹುಲ್ಲು ನೆಡಿ. ಗರಿಕೆ ಜಾತಿ ಮೂರು ನಾಲ್ಕು ತಿಂಗಳಲ್ಲಿ ಮುಚ್ಚಿಕೊಳ್ಳುತ್ತದೆ. ದಸರಾ ಹೊತ್ತಿಗೆ ಉದ್ಘಾಟನೆ ಮಾಡಿಬಿಡೋಣ ಅಂತ ಮಾಲೀಕರು ಹೇಳುತ್ತಾರೆ, ಬೇಡ ಅನ್ನಿ. ಬೇರು ಇನ್ನೂ ಮೇಲೇ ಇರುತ್ತದೆ, ಕಾಲಿಟ್ಟರೆ ಕಿತ್ತು ಬರುತ್ತದೆ.